ಕರ್ತೃ ಇಲ್ಲದ ವಾಕ್ಯ

ಸ್ಪೇನಿನ ಚಿಕ್ಕಮ್ಮನಿಂದ ಹನ್ನೊಂದು ದಿನ ಒಂದಕ್ಷರವೂ ಬಾರದೆ ಇದ್ದಾಗ ಸುರಕ್ಷಾ ಗಳಿಗೆಗೊಮ್ಮೆ ಮೊಬೈಲ್ ತೆಗೆದು ನೋಡತೊಡಗಿದಳು. ತಪ್ಪು ಅವಳದೇ.

ಅವಳ ತಾಯಿ ಕಮಲಾವತಿಗೆ ಹತ್ತು ವರ್ಷವಾಗಿದ್ದಾಗ ಅಜ್ಜಿ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಅಜ್ಜ ದುಗ್ಗಪ್ಪ ಕೈಗೂಸನ್ನು ಒಂದು ಆಶ್ರಮದಲ್ಲಿ ಬಿಟ್ಟು ಬಂದರು. ವರ್ಷ ಕಳೆದು ಕರೆತರಲು ಹೋದರೆ, ಕೂಸು ದತ್ತು ಹೋಗಿ ಕಡಲು ದಾಟಿತ್ತು. ಆ ಕೂಸೇ ಈಗ ನಲವತ್ತೈದರ ಎಲೇನಾ. ಹಳೆಯ ಕಡತಗಳ ಜಾಡು ಹಿಡಿದು ಸುಳ್ಯದ ಅಕ್ಕನನ್ನು ಪತ್ತೆ ಮಾಡಿದ್ದಳು. ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಅವಳಿಗೆ ಬಾರದು. ಮೊದಲ ಪ್ರಶ್ನೆಯೇ, "ನನ್ನನ್ನು ಬೇಡವೆಂದು ಬಿಟ್ಟಿರಾ?"

"ನೀನು ಬೇಡ ಅಂತ ಯಾರೂ ಹೇಳ್ಲಿಲ್ಲ" ಎಂದಿದ್ದಳು ಕಮಲಾವತಿ. ಸುರಕ್ಷಾ ಅದನ್ನು ಮೊಬೈಲಿನ ಅನುವಾದಕ್ಕೆ ಹಾಕಿ ಹಾಗೆಯೇ ಕಳಿಸಿಬಿಟ್ಟಳು. ಮೌನ ಬೆಳೆದ ಮೇಲೆ ಅನುಮಾನ ಬಂದು ಅದನ್ನು ಮರಳಿ ಕನ್ನಡಕ್ಕೆ ತಿರುಗಿಸಿ ನೋಡಿದರೆ, ಅಲ್ಲಿಗೆ ಮುಟ್ಟಿದ್ದು "ನೀನು ಬೇಡ ಅಂದರು" ಎಂದು. ತಾಯಿಗೆ ಹೇಳುವ ಧೈರ್ಯವಾಗಲಿಲ್ಲ.

ಇನ್ನು ಯಂತ್ರವನ್ನು ನಂಬುದಿಲ್ಲ ಎಂದು ಸ್ಪ್ಯಾನಿಷ್ ಕಲಿಸುವ ಪುಸ್ತಕ ತರಿಸಿದಳು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಸಬ್ಜೆಕ್ಟ್, ಆಬ್ಜೆಕ್ಟ್, ಟೆನ್ಸ್. ಎರಡು ಪುಟಕ್ಕೇ ತಲೆ ತಿರುಗಿತು. ಪುಸ್ತಕ ಹಿಡಿದು ಪುತ್ತೂರಿಗೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದ ಕೃಷ್ಣಮೋಹನ ಮಾಸ್ಟ್ರ ಮನೆಗೆ ಓಡಿದಳು.

"ನನಗೆ ಇಂಗ್ಲಿಷೇ ಸರಿ ಗೊತ್ತಿಲ್ಲ ಮಾಸ್ಟ್ರೆ. ಸ್ಪ್ಯಾನಿಷ್ ಎಂತ ಕಲಿಯುದು?"

"ಇಂಗ್ಲಿಷ್ ನಿನಗೆ ಬರ್ತದೆ ಮಾರಾಯ್ತಿ, ಅದರ ಎಲುಬು ಎಲ್ಲಿ ಉಂಟು ಅಂತ ಗೊತ್ತಿಲ್ಲ, ಅಷ್ಟೆ. ಯಾರು? ಎಂತ ಮಾಡಿದ್ದು? ಯಾರನ್ನು? ಯಾವಾಗ? ಇಷ್ಟು ಕೇಳು."

ಅವಳು 'ವಿ ವಾಂಟೆಡ್ ಯು' ಎಂದು ಬರೆದಳು. 'ವಿ' ಕರ್ತೃ, 'ಯು' ಕರ್ಮ. ಪುಸ್ತಕದ ಸ್ಪ್ಯಾನಿಷಿನಲ್ಲಿ ಕರ್ಮ ಮುಂದೆ ಬಂದಿತ್ತು, ಕರ್ತೃವೇ ಕಾಣಲಿಲ್ಲ: 'ತೆ ಕೆರಿಯಾಮೊಸ್'.

"ಬಂದೆವು ಅಂದ್ರೆ ನಾವು ಅಂತ ಬೇರೆ ಹೇಳ್ಬೇಕಾ? ಕ್ರಿಯಾಪದದ ಬಾಲದಲ್ಲೇ ಉಂಟಲ್ಲ" ಎಂದರು ಮಾಸ್ಟ್ರು. ಅವಳು ಕಳಿಸಹೊರಟಾಗ ತಡೆದರು. "ಇದು ಯಾವ ಕಾಲ?"

"ಭೂತ. ಆಗ ನಮಗೆ ನೀನು ಬೇಕಾಗಿತ್ತು."

"ಈಗ?"

ಸುರಕ್ಷಾ ಮೊಬೈಲ್ ಕೆಳಗಿಟ್ಟಳು. ಇನ್ನೊಂದು ಸಲ ಅವಳನ್ನು ದೂಡಿಹಾಕುವವಳಿದ್ದೆನಲ್ಲ! ಪುಟ ಮಗುಚಿ ವರ್ತಮಾನ ಹುಡುಕಿ ಸೇರಿಸಿ ಕಳಿಸಿದಳು: 'ತೆ ಕೆರೆಮೊಸ್.' ಬೇಕಾಗಿದ್ದೆ. ಬೇಕು.

ಮರುದಿನ ಅವಳು ನೌಕರಿಗಿದ್ದ ಕೊಯಿಲದ ಜಾನುವಾರು ಫಾರ್ಮಿನಲ್ಲಿ ಕರುಗಳಿಗೆ ಲಸಿಕೆ ಹಾಕುವ ಕೆಲಸ. ಅವಳ ಕಣ್ಣೆಲ್ಲ ಮೊಬೈಲಿನ ಮೇಲೆ. ಮಧ್ಯಾಹ್ನ ಒಂದೇ ಪದ ಬಂತು: 'ಕಿಯೆನೆಸ್?' ಯಾರ್ಯಾರು?

ಇನ್ನು ಮುಚ್ಚಿಡುವಂತಿರಲಿಲ್ಲ. ಸಂಜೆ ಮನೆ ಮುಟ್ಟಿದ್ದೇ ತಾಯಿಯ ಎದುರು ಎಲ್ಲವನ್ನೂ ಹೇಳಿದಳು. ಕಮಲಾವತಿ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಅಪ್ಪ ಅಂತ ಬರಿ. ನಾನು ಅಂತ ಬರಿ" ಎಂದಳು.

'ತು ಪಾದ್ರೆ. ಯೊ.' ನಿನ್ನ ಅಪ್ಪ. ನಾನು.

ಐದು ನಿಮಿಷವಾಗಲಿಲ್ಲ, ವೀಡಿಯೊ ಕರೆ ಬಂತು. ಪರದೆಯ ತುಂಬ ಎಲೇನಾಳ ಮುಖ, ಅಜ್ಜ ದುಗ್ಗಪ್ಪನದೇ ಅಗಲ ಹಣೆ. ಕಮಲಾವತಿ ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಬಾಯಲ್ಲಿ ಮೊದಲು ಬಂದದ್ದು, "ಊಟ ಆತಾ?"

ಸುರಕ್ಷಾ ಪುಸ್ತಕ ತೆರೆದಳು. ಇಂಗ್ಲಿಷಿನಲ್ಲಿ ಬಿಡಿಸಿದಳು: ಮೊದಲು 'ಹ್ಯಾವ್', ಆಮೇಲೆ 'ಈಟನ್'. "ಅಸ್... ಕೊಮಿದೊ?"

ಎಲೇನಾ ಅಳುತ್ತಲೇ ನಕ್ಕು ತಲೆಯಾಡಿಸಿದಳು. "ತೊದಾವಿಯಾ ನೋ."

"ಇನ್ನೂ ಇಲ್ಲವಂತೆ ಅವ್ವ."

"ಅಯ್ಯೋ, ಉಂಡು ಬರ್ಲಿ. ಆಮೇಲೆ ಕೂತು ಮಾತಾಡುವ ಅಂತ ಹೇಳು."

'ಆಮೇಲೆ' ಎಂಬ ಪದಕ್ಕಾಗಿ ಸುರಕ್ಷಾ ಗಡಿಬಿಡಿಯಿಂದ ಪುಸ್ತಕದ ಪುಟ ಮಗುಚತೊಡಗಿದಳು.