ಆಚಾರ್ರ ಮುಂದಿನ ಸ್ಟೂಲು

ನನ್ನ ಅಂಗಡಿಯಲ್ಲಿ ಅಪ್ಪ ಕೂತದ್ದನ್ನು ನಾನು ಮೊದಲ ಸಲ ನೋಡಿದ್ದು ಚಂದ್ರಶೇಖರಾಚಾರ್ರು ಬಂದ ದಿನ. ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ ಈ ರೇಡಿಯೋ ರಿಪೇರಿ ಅಂಗಡಿ ತೆರೆದು ಐದು ವರ್ಷವಾಗಿತ್ತು. ಅಷ್ಟೂ ದಿನ ಅಪ್ಪ ಮಧ್ಯಾಹ್ನ ಬುತ್ತಿ ತಂದು, ಹೊಸಿಲಾಚೆಯೇ ನಿಂತು, 'ತಗಳ್ಲಾ' ಅಂತ ಕೊಟ್ಟು ತಿರುಗಿ ಹೋಗಿಬಿಡುತ್ತಿದ್ದ. ಆವತ್ತು ಒಳಗೆ ಬಂದ. ಸ್ಟೂಲಿನ ಮೇಲೆ ಪೇರಿಸಿದ್ದ ಹಳೇ ಸ್ಪೀಕರುಗಳನ್ನು ತಾನೇ ಕೆಳಗಿಳಿಸಿದ. ಸ್ಟೂಲನ್ನು ಆಚಾರ್ರ ಎದುರಿಗೆ ಎಳೆದುಕೊಂಡು ಕೂತ. ಮೂರು ದಿನ ಹಾಗೇ ಕೂತ.

ಕೆಲಸ ಒಂದು ಹಳೇ ಆಂಬುಲೆನ್ಸಿನದು. ನಾನು ಹುಟ್ಟುವ ಮೊದಲು, ಕಾಲುವೆ ತೋಡುತ್ತಿದ್ದ ಕಂಪನಿಯೊಂದು ಕೆಲಸಗಾರರಿಗೆಂದು ಒಂದು ಡಾಡ್ಜ್ ವ್ಯಾನು ಇಟ್ಟಿತ್ತು. ಅದರಲ್ಲೊಂದು ವೈರ್‌ಲೆಸ್ ಸೆಟ್ಟು, ಕ್ಯಾಂಪಿನ ಆಸ್ಪತ್ರೆಯಲ್ಲೊಂದು ಸೆಟ್ಟು. ಎರಡೂ ಯುದ್ಧದ ಕಾಲದ ಮಿಲಿಟರಿ ಮಾಲು. ಗುಂಡಿ ಒತ್ತಿಕೊಂಡು ಮಾತಾಡಬೇಕು, ಬಿಟ್ಟು ಕೇಳಬೇಕು. ಆ ವ್ಯಾನನ್ನು ಹತ್ತು ವರ್ಷ ಓಡಿಸಿದವನು ನನ್ನ ಅಪ್ಪ, ದೇವರಾಜು. ಕಂಪನಿ ಹೋದ ಮೇಲೆ ವ್ಯಾನು ಕೆ.ಆರ್. ಪೇಟೆಯ ಒಂದು ಅಕ್ಕಿ ಗಿರಣಿಯ ಹಿಂದೆ ತುಕ್ಕು ಹಿಡಿಯುತ್ತಾ ನಿಂತಿತ್ತು. ಗಂಜಾಂನ ಡಾಕ್ಟರ್ ರಘುನಂದನ್ ಅದನ್ನು ಕೊಂಡರು. ಮೇಲುಕೋಟೆ ಕಡೆಯವರು, ಮನೆಯಲ್ಲೇ ಕೂತು ದೂರದವರೊಡನೆ ರೇಡಿಯೋದಲ್ಲಿ ಮಾತಾಡುವ ಲೈಸೆನ್ಸು ಪಡೆದ ಹವ್ಯಾಸಿ. ಸ್ವಾತಂತ್ರ್ಯಕ್ಕೆ ಐವತ್ತು ತುಂಬುವ ದಿನ ಶ್ರೀರಂಗಪಟ್ಟಣದ ಕೋಟೆಯಿಂದ ಮೈಸೂರಿಗೆ ಹಳೇ ವಾಹನಗಳ ಮೆರವಣಿಗೆ ಇತ್ತು. ವ್ಯಾನನ್ನು ಅಪ್ಪನೇ ಓಡಿಸಬೇಕು, ಓಡಿಸುತ್ತಾ ಆ ಸೆಟ್ಟಿನಲ್ಲೇ ಅವರ ಮನೆಗೆ ಮಾತಾಡಬೇಕು ಅನ್ನುವುದು ಡಾಕ್ಟರ ಆಸೆ.

ಸೆಟ್ಟು ನನ್ನ ಕೈಗೆ ಬಂತು. ಮೂರು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಒಳಗೆ ಇಲಿ ಗೂಡು ಕಟ್ಟಿತ್ತು. ಸುಟ್ಟ ಕಂಡೆನ್ಸರುಗಳನ್ನೆಲ್ಲ ಬದಲಿಸಿದೆ, ವಾಲ್ವುಗಳನ್ನು ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ತಂದೆ, ಮೈಕಿನ ವೈರನ್ನು ಎಳೆ ಎಳೆಯಾಗಿ ಬೆಸೆದೆ. ವಾಲ್ವುಗಳು ಮೊದಲ ಸಲ ಕೆಂಪಗಾದಾಗ ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ.

ಉಳಿದದ್ದು ಹರಳು. ಸೆಟ್ಟು ಯಾವ ಅಲೆಯಲ್ಲಿ ಮಾತಾಡಬೇಕೆಂದು ಗೊತ್ತುಮಾಡುವುದು ಉಗುರಿನಷ್ಟಗಲದ ಒಂದು ಸ್ಫಟಿಕದ ಬಿಲ್ಲೆ. ಕಂಪನಿಯ ಹಳೆಯ ಅಲೆಯಲ್ಲಿ ಈಗ ಮಾತಾಡುವಂತಿಲ್ಲ. ಡಾಕ್ಟರ ಲೈಸೆನ್ಸಿನ ಅಲೆಗೆ ಅದನ್ನು ತರಬೇಕು. ಹರಳನ್ನು ತೇಯ್ದಷ್ಟೂ ಅಲೆಯ ಅಂಕಿ ಏರುತ್ತದೆ. ಡಾಕ್ಟರು ಕೊಟ್ಟಿದ್ದ ಅಳತೆಪೆಟ್ಟಿಗೆಯಲ್ಲಿ ಕೊನೆಯ ಎರಡು ಅಂಕಿ ಐವತ್ತಕ್ಕೆ ನಿಲ್ಲಬೇಕು. ದಾಟಿತೋ, ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ.

ಎರಡು ಹರಳಿದ್ದವು. ಒಂದನ್ನು ತೇಯಲು ಹೋಗಿ ಮುರಿದೆ. ಬುತ್ತಿ ಹಿಡಿದು ನಿಂತಿದ್ದ ಅಪ್ಪ ಆ ಎರಡು ಚೂರನ್ನು ನೋಡಿ, "ಬಿಎಸ್ಸಿ ಓದಿ ಇದ್ನೂ ಮುರ್ದಾಕ್ದಾ?" ಅಂದ. ಮಾರನೆಯ ದಿನ ನಾಗಮಂಗಲದ ಬಸ್ಸು ಹತ್ತಿ, ಉಂಗುರದ ಕಲ್ಲು ತೇಯುವುದರಲ್ಲಿ ಹೆಸರಾದ ಆಚಾರ್ರನ್ನು ಕರೆತಂದ.

"ಇದ್ಯಾವಮ್ಮನ ಮೂಗ್ಬೊಟ್ಟಿಗೆ ದೇವರಾಜಣ್ಣ?" ಹರಳನ್ನು ಬೆಳಕಿಗೆ ಹಿಡಿದು ಆಚಾರ್ರು ಕೇಳಿದರು.

"ನನ್ ಅಳೇ ಎಂಡ್ರಿಗೆ ಕಣಾಚಾರ್ರೇ. ವ್ಯಾನಲ್ಲವ್ಳೆ."

"ಮನೆಯೋರ್ಗೆ ಗೊತ್ತಾ?"

"ಲಲಿತಮ್ಮಂಗಾ? ಮದ್ವೆ ದಿನ್ವೇ ಏಳ್ಬುಟ್ಟಿದ್ದೆ. ಅವ್ಳು ಕೂಗುದ್ರೆ ನಿನ್ನ ಬುಟ್ಟೋಯ್ತೀನಿ ಅಂತ."

ಇಬ್ಬರೂ ನಕ್ಕರು. ಅಪ್ಪನಿಗೆ ತಮಾಷೆ ಮಾಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆಚಾರ್ರು ಗಾಜಿನ ತುಂಡಿನ ಮೇಲೆ ಸಾಣೆಪುಡಿ ಉದುರಿಸಿ, ನೀರು ಚಿಮುಕಿಸಿ, ಹರಳನ್ನು ಒಂದೇ ಬೆರಳ ತುದಿಯಿಂದ ಮೆಲ್ಲಗೆ ಸುತ್ತಿಸುತ್ತಿದ್ದರು. ಹತ್ತು ಸುತ್ತಿಗೆ ಅಂಕಿ ಎರಡು ಏರುತ್ತಿತ್ತು. ಐವತ್ತು ಸುತ್ತಾದ ಮೇಲೆ ಸೋಪುನೀರಿನಲ್ಲಿ ತೊಳೆದು ನನಗೆ ಕೊಡುವರು. ನಾನು ಅದನ್ನು ಸೆಟ್ಟಿಗೆ ಸಿಕ್ಕಿಸಿ, ನನ್ನ ಕಡೆ ಮುಖಮಾಡಿದ್ದ ಪೆಟ್ಟಿಗೆ ನೋಡಿ ಅಂಕಿ ಹೇಳಬೇಕು. ಅಷ್ಟೇ ನನ್ನ ಪಾಲು. ಆಮೇಲೆ ಗಂಟೆಗಟ್ಟಲೆ ಆಚಾರ್ರ ಬೆರಳಿಗೆ ವಿಶ್ರಾಂತಿ. ಅಪ್ಪ ಮಾತ್ರ ಆ ಬೆರಳ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ.

"ಕೈ ಅಂದ್ರೆ ಇದು ಕಣ್ಲಾ ಯೋಗೇಶ," ಅಂದ ಒಮ್ಮೆ, ನನ್ನ ಕಡೆ ತಿರುಗದೆಯೇ.

ಎರಡನೆಯ ದಿನ ಅಪ್ಪ ಅವರಿಗೆ ವ್ಯಾನಿನ ಕಥೆ ಹೇಳತೊಡಗಿದ. ಬಂಡೆ ಸಿಡಿಸುವಾಗ ಕಾಲು ಕಳೆದುಕೊಂಡ ಒಬ್ಬನನ್ನು ಹಾಕಿಕೊಂಡು ಬರುತ್ತಿದ್ದನಂತೆ. "ಬತ್ತಾ ಇವ್ನಿ, ಬಾಗ್ಲು ತಗ್ದಿರಿ ಅಂತ ಮೈಕಲ್ಲಿ ಏಳಿ ಗುಂಡಿ ಬುಟ್ಟೆ. ಅವ್ರು ಮಾತಾಡೋಗಂಟ ಒಂದ್ ಚಣ ಏನೂ ಸದ್ದಿರಕಿಲ್ಲ ನೋಡಿ. ಆ ಚಣದಲ್ಲಿ ಇಂದ್ಗಡೆ ಮಲ್ಗಿರೋನ ಉಸ್ರು ಕೇಳ್ಬುಟ್ಟು, ಬದ್ಕವ್ನೆ ಅನ್ಕತಿದ್ದೆ."

ಆಚಾರ್ರು ಬೆರಳು ನಿಲ್ಲಿಸಿದರು. ನಾನು ಬೆನ್ನು ತಿರುಗಿಸಿಕೊಂಡು, ಆಗಲೇ ಬೆಸೆದಿದ್ದ ತಂತಿಯನ್ನು ಮತ್ತೆ ಬೆಸೆಯುತ್ತಿದ್ದೆ. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದೇವೆ. ಈ ಮಾತು ನನಗೆ ಒಮ್ಮೆಯೂ ಹೇಳಿರಲಿಲ್ಲ. ಎರಡು ದಿನದ ಪರಿಚಯದವನಿಗೆ ಹೇಳಿದ.

ನನಗೆ ಗೊತ್ತಿದ್ದು ಆಚಾರ್ರಿಗೆ ಗೊತ್ತಿಲ್ಲದ್ದು ಒಂದಿತ್ತು. ಡಾಕ್ಟರು ಕೊಟ್ಟ ಹಳೇ ಕೈಪಿಡಿಯಲ್ಲಿ ಓದಿದ್ದು: ಹರಳು ತುಸು ಹೆಚ್ಚು ಸವೆದರೆ ನಡುವೆ ಪೆನ್ಸಿಲ್ ತಿಕ್ಕಬೇಕು, ಸೀಸದ ಕರಿ ಕೂತಷ್ಟು ಭಾರ ಕೂಡಿ ಅಂಕಿ ಸ್ವಲ್ಪ ಇಳಿಯುತ್ತದೆ. ಆಚಾರ್ರು ಕೆಡಿಸಬೇಕು, ಅಪ್ಪ ನೋಡಬೇಕು, ಆಮೇಲೆ ನಾನು ಪೆನ್ಸಿಲ್ ತೆಗೆಯಬೇಕು. ಆ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಮನಸ್ಸಿನಲ್ಲಿ ಇಷ್ಟು ಗಟ್ಟಿಯಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಅಂಕಿ ಮೂವತ್ತಾರಿತ್ತು. ಆಚಾರ್ರು ಐವತ್ತು ಸುತ್ತಿಸಿ ಕೊಟ್ಟರು. ಪೆಟ್ಟಿಗೆ ನಲವತ್ತಾರು ತೋರಿಸಿತು.

"ಮೂವತ್ತೆಂಟು," ಅಂದೆ.

ಆಚಾರ್ರು ತಲೆ ಎತ್ತಿದರು. "ಐವತ್ ಸುತ್ಗೆ ಎಲ್ಡೇಯಾ? ಕಲ್ಲು ಗಟ್ಟಿ ಆಯ್ತಾ?"

"ಒಳಗೊಳಗೆ ಹೋದ ಹಾಗೆ ಗಟ್ಟಿ ಆಗುತ್ತೆ ಆಚಾರ್ರೇ."

"ಓದಿರೋರು. ನಿಮಗ್ ಗೊತ್ತಿರ್ತದೆ," ಅಂದು ವಿಶ್ರಾಂತಿಯೂ ಇಲ್ಲದೆ ಮತ್ತೆ ಐವತ್ತು ಸುತ್ತಿಸಿದರು. ಅಪ್ಪ ಬೆರಳನ್ನೇ ನೋಡುತ್ತಿದ್ದ.

ಈ ಸಲ ಸುಳ್ಳು ಹೇಳಬೇಕಾಗಿರಲಿಲ್ಲ. "ಐವತ್ತಾರು," ಅಂದೆ. "ದಾಟಿಹೋಯ್ತು."

ಆಚಾರ್ರು ಸಾಣೆಪುಡಿ ಮೆತ್ತಿದ ಬೆರಳನ್ನು ನೋಡಿಕೊಂಡರು. "ನಲ್ವತ್ ವರ್ಸದಲ್ಲಿ ಒಬ್ರ ಕಲ್ಲೂ ಕೆಡ್ಸಿರ್ನಿಲ್ಲ ದೇವರಾಜಣ್ಣ," ಅಂದರು.

ಅಪ್ಪ ಅವರ ಮೊಣಕೈ ಹಿಡಿದುಕೊಂಡ. "ಓಗ್ಲಿ ಬುಡಿ ಆಚಾರ್ರೇ. ವ್ಯಾನೇನ್ ಓಡಕಿಲ್ವಾ? ಮೂಕಿ ಆಗೇ ಓಡ್ಲಿ. ಎದ್ದು ಕೈ ತೊಳ್ಕಂಡು ಕಾಪಿ ಕುಡೀರಿ."

ನನ್ನ ಹರಳು ಮುರಿದಾಗ ನನ್ನ ಮೊಣಕೈ ಯಾರೂ ಹಿಡಿದಿರಲಿಲ್ಲ. ಜೇಬಿನಲ್ಲಿದ್ದ ಪೆನ್ಸಿಲ್ ತೆಗೆಯಲು ಮನಸ್ಸು ಬರಲಿಲ್ಲ. ಆ ಮನುಷ್ಯನ ಸೋಲಿಗೂ ನನಗಿಂತ ಹೆಚ್ಚು ಅಕ್ಕರೆ ಸಿಕ್ಕಿತ್ತು.

ಆಚಾರ್ರು ಬೀದಿಯ ನಲ್ಲಿಗೆ ಹೋದರು. ಅಪ್ಪ ಸ್ಟೂಲಿನಿಂದೆದ್ದು ಸೊಂಟ ನೆಟ್ಟಗೆ ಮಾಡಿಕೊಂಡ. "ಮೂರ್ ದಿನ ಕೂತು ಕೂತು ಸೊಂಟ ಇಡ್ಕಬುಡ್ತು ಕಣ್ಲಾ."

"ಕೂತ್ಕ ಅಂದೋರ್ಯಾರು?"

"ಆಚಾರಿ ಕೈಗೆ ವಸ್ತು ಕೊಟ್ಬುಟ್ಟು ಎದ್ದೋಗಕಾಯ್ತದಾ? ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡಾಕಿಲ್ಲ ಅಂತಾರೆ. ನಮ್ಮವ್ವ ಓಲೆ ಮಾಡ್ಸುವಾಗ ಬೆಳಗಿಂದ ಬೈಗಿನ್ಗಂಟ ಮುಂದ್ಗಡೆ ಕೂತಿದ್ಲು. ಈವಯ್ಯ ಒಳ್ಳೆ ಮನ್ಸ. ಆದ್ರೂ ಕಲ್ಲು ಬದ್ಲಾಯ್ಸಿದ್ರೆ ನಂಗೊತ್ತಾಯ್ತದಾ? ಕಣ್ ಮಿಟ್ಕುಸ್ದೆ ಕಾದಿವ್ನಿ."

"ನಮ್ಮಂಗ್ಡೀಲಿ ಒಂದಿನಾನೂ ಕೂತ್ಕಳ್ನಿಲ್ಲ ನೀನು," ಅಂದೆ.

"ನಿನ್ ಮುಂದೆ ಯಾಕ್ಲಾ ಕೂತ್ಕಳ್ಳಿ? ನೀನೇನ್ ಕದ್ದೀಯಾ?" ಅಂದ. ಬಸ್ಸು ಎಷ್ಟೊತ್ತಿಗೆ ಅಂತ ಕೇಳುವ ಹಾಗೆ, ಅಷ್ಟು ಸಾದಾ ಧ್ವನಿಯಲ್ಲಿ.

ಆಚಾರ್ರು ಕೈ ಒರೆಸಿಕೊಳ್ಳುತ್ತಾ ಒಳಬಂದರು. ಬಾಗಿಲಲ್ಲೇ ನಿಂತು ಬೆರಳ ಗಿಣ್ಣುಗಳನ್ನು ಎಣಿಸಿದರು. "ಮೊದ್ಲು ಐವತ್ ಸುತ್ಗೆ ಎಲ್ಡು. ಆಮ್ಯಾಕೆ ಅಷ್ಟೇ ಸುತ್ಗೆ ಅದ್ನೆಂಟು," ಅಂದರು ಮೆಲ್ಲಗೆ. ಮತ್ತೆ ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು ಎಂದು ನನಗೆ ತಿಳಿಯಿತು.

"ಏನಂದ್ರಿ?" ಅಪ್ಪ ಕೇಳಿದ.

"ಏನಿಲ್ಲ ದೇವರಾಜಣ್ಣ. ಕೈ ತಪ್ತು ಅಷ್ಟೇ." ಅವರು ತಮ್ಮ ಗಾಜು, ಪುಡಿಯ ಡಬ್ಬಿ ಎಲ್ಲ ಚೀಲಕ್ಕೆ ತುಂಬತೊಡಗಿದರು.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರುವುದು ನನಗೆ ಕಷ್ಟದ್ದಲ್ಲ. ಆದರೆ ಆ ಮನುಷ್ಯ ತನ್ನ ನಲವತ್ತು ವರ್ಷದ ಹೆಸರನ್ನೂ ಆ ಚೀಲಕ್ಕೇ ತುರುಕಿಕೊಂಡು ನಾಗಮಂಗಲದ ಬಸ್ಸು ಹತ್ತುತ್ತಿದ್ದ.

"ಕೈ ತಪ್ಪಲಿಲ್ಲ," ಅಂದೆ. "ನಾನು ಮೂವತ್ತೆಂಟು ಅಂದಾಗ ಅಲ್ಲಿ ನಲವತ್ತಾರಿತ್ತು. ಬೇಕಂತಲೇ ತಪ್ಪು ಹೇಳಿದೆ."

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಅರ್ಥವಾಗುವುದನ್ನು ನಾನು ನೋಡುತ್ತಾ ನಿಂತೆ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಉಡುಗ್ರು. ಬುಡಿ ದೇವರಾಜಣ್ಣ," ಅಂದರು ಆಚಾರ್ರು.

"ಸರಿ ಮಾಡೋಕೆ ಬರುತ್ತೆ," ಅಂದು ಪೆನ್ಸಿಲ್ ಹೊರತೆಗೆದೆ. "ಇದನ್ನು ತಿಕ್ಕಿದರೆ ಅಂಕಿ ಇಳಿಯುತ್ತೆ."

ಅಪ್ಪ ಪೆನ್ಸಿಲನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಸ್ಟೂಲನ್ನು ಎತ್ತಿ ತಂದು, ನನ್ನ ಮೇಜಿನ ಮುಂದೆ, ಒಂದು ಮೊಳದಷ್ಟು ದೂರದಲ್ಲಿ ಇಟ್ಟುಕೊಂಡು ಕೂತ.

"ಮಾಡು," ಅಂದ.

ಅಪ್ಪನ ಕಣ್ಣು ನನ್ನ ಬೆರಳ ಮೇಲಿಂದ ಅಲುಗಲಿಲ್ಲ. ಹರಳಿನ ನಡುವೆ ಎರಡು ಸಲ ತಿಕ್ಕಿ ಸಿಕ್ಕಿಸಿದೆ: ಐವತ್ತಮೂರು. ಬಿಚ್ಚಿ ಮತ್ತೆರಡು ಗೆರೆ ಎಳೆದೆ. ಆಚಾರ್ರು ಚೀಲ ಕೆಳಗಿಟ್ಟು ಹತ್ತಿರ ಬಂದಿದ್ದರು. ಅಂಕಿಗಳು ಒಂದು ಗಳಿಗೆ ಹೊಯ್ದಾಡಿ ನಿಂತವು.

"ಐವತ್ತು," ಅಂದೆ.

ಅಪ್ಪ ಬಗ್ಗಿ, ಪೆಟ್ಟಿಗೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತಾನೇ ನೋಡಿದ.