ನಾಲ್ಕು ದಿನದ ಮಾತ್ರೆ

"ಇಲ್ಲಿ ನೋಡಿ ತಾಯಿ," ಎಂದು ಡಾಕ್ಟರು ಪರದೆಯ ಮೇಲೆ ಪೆನ್ನಿನ ತುದಿ ಇಟ್ಟರು. "ಜಠರದ ಒಳಪೊರೆ ತೆಳ್ಳಗಾಗಿ ಕೆಳಗಿನ ರಕ್ತನಾಳ ಕಾಣಿಸ್ತಿದೆ. ಮೂವತ್ತಾರನೇ ವಯಸ್ಸಿಗೆ ಇಷ್ಟು ಸವೆದಿರಬಾರದು."

ಮಾಲ್‌ಸುನ್ ಮಗಳ ಹೊಟ್ಟೆಯನ್ನು ಒಳಗಿನಿಂದ ನೋಡುತ್ತಿದ್ದಳು. ಕೊರಿಯಾದ ಮೊಕ್ಪೊ ಊರಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಕಿಮ್ಚಿ ಎಂಬ ಎಲೆಕೋಸಿನ ಖಾರದ ಉಪ್ಪಿನಕಾಯಿ, ಉಪ್ಪುಮೀನು ಮಾರಿದವಳು. ಮೀನಿನ ಹೊಟ್ಟೆ ಸೀಳಿ ಸೀಳಿ ಕೈ ಪಳಗಿತ್ತು. ಆದರೂ ಇದನ್ನು ನೋಡಲಾಗಲಿಲ್ಲ. ಮಂಪರಿನ ಮದ್ದು ಕೊಟ್ಟು ಎಂಡೋಸ್ಕೋಪಿ ಮಾಡಿದರೆ ಜೊತೆಗೆ ಮನೆಯವರು ಇರಲೇಬೇಕು ಎಂದಿದ್ದರಿಂದ ಅಂಗಡಿ ಮುಚ್ಚಿ ಬಂದಿದ್ದಳು. ಮಗಳು ಯುರಿಮ್ ಎಚ್ಚರವಾಗುವಾಗ ಕಣ್ಣು ಮುಚ್ಚಿಕೊಂಡೇ, "ಬೆಳ್ಳುಳ್ಳಿ ವಾಸನೆ ಬರ್ತಿದೆ, ಅಮ್ಮ ಇಲ್ಲೇ ಇದಾಳೆ," ಎಂದು ನರ್ಸುಗಳನ್ನೆಲ್ಲ ನಗಿಸಿದ್ದಳು. ಈಗ ಯಾರೂ ನಗುತ್ತಿರಲಿಲ್ಲ.

"ಕ್ಯಾನ್ಸರಾ ಡಾಕ್ಟ್ರೇ?"

"ಅಲ್ಲ. ಆದ್ರೆ ಸವೆದ ಜಾಗ ನಿಧಾನಕ್ಕೆ ಕರುಳಿನ ಪೊರೆ ಥರ ಆಗ್ತಾ ಬಂದಿದೆ. ಮುಂದೆ ಕೆಲವರಿಗೆ ಅದೇ ಕ್ಯಾನ್ಸರಿಗೆ ದಾರಿ ಆಗುತ್ತೆ, ಎಲ್ಲರಿಗೂ ಅಲ್ಲ. ಇದಕ್ಕೆಲ್ಲ ಕಾರಣ ಒಳಗಿರೋ ಒಂದು ಬ್ಯಾಕ್ಟೀರಿಯಾ ಕ್ರಿಮಿ, ಅದನ್ನ ತೆಗೀಬೇಕು, ಉಪ್ಪು ಕಮ್ಮಿ ಮಾಡ್ಬೇಕು, ವರ್ಷಕ್ಕೊಮ್ಮೆ ನೋಡಿಸ್ಕೋಬೇಕು. ಈ ಕ್ರಿಮಿ ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಹೊಕ್ಕಿರುತ್ತೆ, ಮನೆಯವರ ಬಾಯಿಂದ. ಎಂಟು ಹತ್ತು ವರ್ಷ ಮೊದಲೇ ಗೊತ್ತಾಗಿದ್ರೆ ಇಷ್ಟು ದೂರ ಬರ್ತಿರಲಿಲ್ಲವೇನೋ."

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಎನ್ನುತ್ತಾರೆ. ಡಾಕ್ಟರು ಒಂದೇ ಉಸಿರಿನಲ್ಲಿ ಎರಡರ ಮೇಲೂ ಆರೋಪ ಹೊರಿಸಿದ್ದರು.

"ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

"ಅಮ್ಮನಿಗಿತ್ತು," ಎಂದಳು ಪಕ್ಕದಲ್ಲಿ ಕೂತಿದ್ದ ಯುರಿಮ್. "ನನ್ನ ಮದುವೆ ವರ್ಷ, ಒಂಬತ್ತು ವರ್ಷದ ಹಿಂದೆ. ಆಗ್ಲೇ ಎರಡು ವಾರ ಮಾತ್ರೆ ತಗೊಂಡು ವಾಸಿ ಮಾಡ್ಕೊಂಡ್ಳು. ಅಲ್ವಾಮ್ಮ?"

ಮಾಲ್‌ಸುನ್ ತಲೆಯಾಡಿಸಿದಳು. ಆಡಿಸಿದ ಮೇಲೆ ಆ ತಲೆಯನ್ನು ಎತ್ತುವುದೇ ಕಷ್ಟವಾಯಿತು.

ಅವಳು ಮಾತ್ರೆ ತೆಗೆದುಕೊಂಡದ್ದು ನಾಲ್ಕು ದಿನ. ಮೂರನೆಯ ದಿನಕ್ಕೇ ಬಾಯೆಲ್ಲ ಕಹಿ. ನಾಲ್ಕನೆಯ ದಿನ ಉಪ್ಪು ನೋಡಲು ಬೆರಳು ಚೀಪಿದರೆ ಉಪ್ಪೂ ಇಲ್ಲ, ಖಾರವೂ ಇಲ್ಲ, ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗೆ. ಮದುವೆಗೆ ಹತ್ತೇ ದಿನವಿತ್ತು. ಹೆಣ್ಣಿನ ಮನೆಯಿಂದ ಬೀಗರಿಗೆ ಬುತ್ತಿ ಹೋಗಬೇಕು. ಮಾಲ್‌ಸುನ್ ಕಳಿಸುವ ಬುತ್ತಿಯ ಮೇಲೆ ಇಡೀ ಮಾರುಕಟ್ಟೆಯ ಕಣ್ಣು. ರುಚಿ ನೋಡಲಾಗದ ನಾಲಿಗೆ ಇಟ್ಟುಕೊಂಡು ಏನು ಮಾಡುವುದು? ಉಳಿದ ಮಾತ್ರೆಗಳನ್ನು ಕಸಕ್ಕೆ ಹಾಕಿದಳು. "ಮಕ್ಕಳನ್ನೂ ಪರೀಕ್ಷೆ ಮಾಡಿಸಿ," ಎಂದು ಆಗಿನ ಡಾಕ್ಟರು ಹೇಳಿದ ಮಾತನ್ನೂ ಅದರ ಜೊತೆಗೇ ಹಾಕಿದಳು. ಮದುಮಗಳ ಹೊಟ್ಟೆಯಲ್ಲಿ ಹುಳುಕಿದೆ ಎಂದು ಬೀಗರ ಕಿವಿಗೆ ಬಿದ್ದರೆ ಏನು ಗತಿ? ಮೊದಲು ಮದುವೆ ಮುಗಿಯಲಿ ಎಂದುಕೊಂಡಳು. ಮದುವೆ ಮುಗಿಯಿತು, ಅಂಗಡಿ ನಡೆಯಿತು, ಮೊಮ್ಮಗಳು ಹುಟ್ಟಿದಳು. ಯಾರಾದರೂ ಕೇಳಿದರೆ, ನೋವಿಲ್ಲದ ಹೊಟ್ಟೆಯನ್ನು ಯಾರು ನೆನೆಸಿಕೊಳ್ಳುತ್ತಾರೆ ಎಂದು ಹೇಳಬಹುದಿತ್ತು. ಆದರೆ ಅವಳಿಗೆ ನೆನಪಿತ್ತು. ಪ್ರತಿ ವರ್ಷವೂ ನೆನಪಿತ್ತು.

ಮೂರು ವರ್ಷದ ಮೊಮ್ಮಗಳು ದಾವೊನ್‌ಳನ್ನು ಶಿಶುವಿಹಾರದಿಂದ ಕರೆದುಕೊಂಡು ಮೂವರೂ ಯುರಿಮ್ ಮನೆಗೆ ಬಂದರು. ಮಾಲ್‌ಸುನ್ ಮಗಳಿಗೆ ಉಪ್ಪಿಲ್ಲದ ಗಂಜಿ ಕಾಯಿಸಿದಳು. ಎರಡು ಚಮಚ ತಿನ್ನುವಷ್ಟರಲ್ಲಿ ಯುರಿಮ್ ಚಮಚ ಕೆಳಗಿಟ್ಟು ಅಳತೊಡಗಿದಳು.

"ಯಾಕೇ? ಬಿಸಿ ಆಯ್ತಾ?"

"ನಾನೇ ಮಗೂಗೆ ಅಂಟಿಸಿದೀನಮ್ಮ. ಅವಳ ಚಮಚದಲ್ಲೇ ಬಿಸಿ ನೋಡ್ತಿದ್ದೆ. ಹಣ್ಣು ಅರ್ಧ ಕಚ್ಚಿ ಕೊಡ್ತಿದ್ದೆ. ಎಂಥ ತಾಯಿ ನಾನು!"

"ಹಾಗೆಲ್ಲ ಅನ್ಬೇಡ."

"ಅನ್ನದೆ ಏನ್ ಮಾಡ್ಲಿ? ನನ್ನ ಮಾತ್ರೆ ಮುಗಿಯೋ ತನಕ ನೀನೇ ಅವಳಿಗೆ ಊಟ ಮಾಡ್ಸಮ್ಮ. ನಿನ್ನ ಬಾಯಾದ್ರೂ ಶುದ್ಧ ಇದೆ."

ಮಾಲ್‌ಸುನ್ ಗಂಜಿಯ ಸೌಟು ಕೆಳಗಿಟ್ಟಳು. ಹೇಳಿದರೆ ಮೊಮ್ಮಗಳು ಕೈತಪ್ಪುತ್ತಾಳೆ. ಅಂಗಡಿಯಲ್ಲಿ ದಿನವೂ ಸಂಜೆ ಮೂರು ತಾಸು ತನ್ನ ಮಡಿಲಲ್ಲಿ ಕೂರುವ ಜೀವ ಅದು. ಹೇಳದಿದ್ದರೆ ತನ್ನದೇ ತಪ್ಪಿಗೆ ಮಗಳು ಹೀಗೆ ಅಳುತ್ತಲೇ ಇರುತ್ತಾಳೆ.

"ಶುದ್ಧ ಇಲ್ಲ," ಎಂದಳು. "ನಾಲ್ಕೇ ದಿನ ತಗೊಂಡೆ. ಬಿಸಾಕಿದೆ."

ಯುರಿಮ್ ಅಳು ನಿಲ್ಲಿಸಿ ನೋಡಿದಳು.

"ರುಚಿ ಗೊತ್ತಾಗ್ತಿರಲಿಲ್ಲ. ನಿಮ್ಮತ್ತೆ ಮನೆಗೆ ಬುತ್ತಿ ಕಳಿಸ್ಬೇಕಿತ್ತು. ನಿನ್ನನ್ನೂ ತೋರಿಸಿ ಅಂದಿದ್ರು, ಹೇಳ್ಲಿಲ್ಲ. ನಿಂಗೆ ಹಲ್ಲು ಬಂದಾಗಿಂದ ಕಿಮ್ಚಿ ಖಾರ ನಾನು ಬಾಯಲ್ಲಿ ಚೀಪಿ ತೆಗೆದು ನಿಂಗೆ ಕೊಡ್ತಿದ್ದೆ. ನಮ್ಮಮ್ಮ ನಂಗೂ ಹಾಗೇ ಕೊಟ್ಟಿದ್ಳು. ಈಗ ದಾವೊನ್‌ಗೂ."

"ಇವತ್ತು ಡಾಕ್ಟ್ರ ಮುಂದೆ ತಲೆ ಆಡಿಸಿದ್ಯಲ್ಲ."

"ಹೂಂ."

"ನಾನು ಅಳದೇ ಇದ್ದಿದ್ರೆ?"

 ಗಂಜಿಯ ಮೇಲೆ ಕೆನೆ ಕಟ್ಟುತ್ತಿತ್ತು. ಮಾಲ್‌ಸುನ್ ಕ್ಷಮಿಸು ಎನ್ನಲು ಬಾಯಿ ತೆರೆದಳು, ಆ ಮಾತು ಅಗ್ಗವೆನಿಸಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

ಯುರಿಮ್ ಎದ್ದು ಮೂಗು ಒರೆಸಿಕೊಂಡಳು. "ನಾಳೆ ನೀನೂ ಬರ್ತೀಯ. ನಿನ್ನ ಹೊಟ್ಟೇನೂ ತೋರಿಸ್ತೀಯ. ಡಾಕ್ಟ್ರಿಗೆ ನೀನೇ ಬಾಯ್ಬಿಟ್ಟು ಹೇಳ್ತೀಯ." ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಮಾಲ್‌ಸುನ್‌ಗೆ.

ದಾವೊನ್ ಹಸಿವೆಂದು ಬಂದಳು. ಯುರಿಮ್ ಬಟ್ಟಲಲ್ಲಿ ನೀರು ತಂದಿಟ್ಟು, ಒಂದು ಚೂರು ಕಿಮ್ಚಿಯನ್ನು ಅದರಲ್ಲಿ ಅದ್ದಿ ಅದ್ದಿ ತೊಳೆದಳು. ನೀರು ಕೆಂಪಾಯಿತು. ಬೆಳ್ಳಗಾದ ಎಲೆಯನ್ನು ಅನ್ನದ ಮೇಲಿಟ್ಟು ಮಗುವಿನ ಮುಂದೆ ಹಿಡಿದಳು.

ಮಗು ಅದನ್ನು ನೋಡಿತು, ತಲೆ ಅಲ್ಲಾಡಿಸಿತು. "ಅಜ್ಜಿದು ಬೇಕು," ಎನ್ನುತ್ತ ಮಾಲ್‌ಸುನ್ ಮಡಿಲೇರಿ, ಮುಖಕ್ಕೆ ಮುಖ ಕೊಟ್ಟು, ಬಾಯಿ ಅಗಲಿಸಿ ಕಾಯಿತು.

ಮಾಲ್‌ಸುನ್ ತುಟಿ ಬಿಗಿಹಿಡಿದಳು. ಮಗು ಇನ್ನೂ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಆಟವೆಂದುಕೊಂಡು ನಗುತ್ತ, ಎರಡೂ ಕೈಯ ಬೆರಳುಗಳಿಂದ ಅಜ್ಜಿಯ ತುಟಿಗಳನ್ನು ಬಿಡಿಸತೊಡಗಿತು.