ಎಡಗಡೆ ಮಡ್ಗಾರ್ಡ್

ಟಿಂಕರ್ ಕೆಲಸಕ್ಕೆ ಒಂದು ಶಾಪವಿದೆ. ಚೆನ್ನಾಗಿ ಮಾಡಿದಷ್ಟೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನೆಗ್ಗಿದ ಬಾಗಿಲನ್ನು ತಟ್ಟಿ ತಟ್ಟಿ ಮೊದಲಿನಂತೆ ಮಾಡಿ ನಿಲ್ಲಿಸಿದರೆ, ಬಂದವರು ಬಣ್ಣ ನೋಡಿ ಪೇಂಟರನ್ನು ಹೊಗಳಿ ಹೋಗುತ್ತಾರೆ. ಕೋಣನಕುಂಟೆಯ ಯಲ್ಲಯ್ಯ ಮೂವತ್ತೆಂಟು ವರ್ಷ ಹೀಗೇ ಕಳೆದ. ಕೈ ಕೆಸರಾದದ್ದು ಅವನದು, ಬಾಯಿ ಮೊಸರಾದದ್ದು ಇನ್ನೊಬ್ಬರದು.

ಆದರೆ ಈ ಗಾಡಿಯ ವಿಷಯದಲ್ಲಿ ಅವನಿಗೂ ಆಸೆ ಹುಟ್ಟಿತ್ತು. ಅರವತ್ತೊಂಬತ್ತನೇ ಇಸವಿಯ ಅಮೆರಿಕದ ಮಸ್ಟಾಂಗ್ ಕಾರು. ಅಬ್ಬಬ್ಬಾ, ಅದೇನು ಗಾಡಿ! ಉದ್ದ ಮೂತಿ, ಗಿಡ್ಡ ಬೆನ್ನು, ದಾಸವಾಳದ ಕೆಂಪು. ಬಾನೆಟ್ಟೇ ಒಂದು ಮಂಚದಷ್ಟು. ಕೀಲಿ ತಿರುಗಿಸಿದರೆ ಎಂಟು ಸಿಲಿಂಡರಿನ ಎಂಜಿನ್ನು ಗುಡುಗಿ, ಎದುರಿನ ಅಂಗಡಿಯ ಗಾಜಿನ ಡಬ್ಬಿಗಳೆಲ್ಲ ನಡುಗುತ್ತಿದ್ದವು. ಸ್ಟೀರಿಂಗು ಎಡಗಡೆ. ನೋಡಲು ಬಂದವರು ಅಭ್ಯಾಸಬಲದಿಂದ ಬಲಗಡೆ ಹತ್ತಿ ಕೂತು, ಹಿಡಿಯಲು ಏನೂ ಸಿಗದೆ ಪೆಚ್ಚಾಗುತ್ತಿದ್ದರು.

ಗಾಡಿ ಜೆ.ಪಿ. ನಗರದ ಭಾರ್ಗವನದು. ಯಾರದೋ ಹಳೇ ಶೆಡ್ಡಿನಲ್ಲಿ ಮಳೆ ನೀರು ಕುಡಿದು ಕೊಳೆಯುತ್ತಿದ್ದುದನ್ನು ತಂದು ಯಲ್ಲಯ್ಯನ ಶೆಡ್ಡಿನಲ್ಲಿಟ್ಟು, ನಾಲ್ಕು ವರ್ಷ ರಿಪೇರಿ ಮಾಡಿಸಿದ್ದ. ಒಂದೊಂದು ಸಾಮಾನೂ ಅಮೆರಿಕದಿಂದಲೇ ಬಂತು. ಎಡಗಡೆಯ ಮುಂದಿನ ಮಡ್ಗಾರ್ಡ್ ಮಾತ್ರ ತುಕ್ಕು ತಿಂದು ಜರಡಿಯಾಗಿತ್ತು. ಭಾರ್ಗವ ತರಿಸಿದ ಹೊಸದು ಬೇರೆ ವರ್ಷದ ಗಾಡಿಯದು. ಏನು ಮಾಡಿದರೂ ಕೂರಲಿಲ್ಲ.

"ಬರೀ ತಗಡಿನ ಶೀಟು ತಂದ್ಕೊಡಿ ಸಾರ್, ನೋಡೋಣ" ಎಂದ ಯಲ್ಲಯ್ಯ.

ಮರಳಿನ ಮೂಟೆಯ ಮೇಲೆ ಶೀಟಿಟ್ಟು, ಮರದ ಸುತ್ತಿಗೆಯಲ್ಲಿ ನಾಲ್ಕು ತಿಂಗಳು ತಟ್ಟಿದ. ಬಲಗಡೆಯದನ್ನು ಕಣ್ಣು ಮುಚ್ಚಿ ಸವರುವುದು, ಬಂದು ಎಡಗಡೆಯದನ್ನು ತಟ್ಟುವುದು. ಎರಡು ಸಲ ಹಾಳಾಗಿ ಎಸೆದ. "ಸ್ವಂತ ಮಗಳ ಮದುವೇಲೂ ಇಷ್ಟು ಒದ್ದಾಡಲಿಲ್ಲವಲ್ರೀ" ಎಂದು ಹೆಂಡತಿ ಪಾರ್ವತಮ್ಮ ಬೈದಳು. ಮೂರನೆಯದು ಸರಿಯಾಗಿ ಕೂತ ದಿನ ಭಾರ್ಗವ ಅವನ ಎರಡೂ ಕೈ ಹಿಡಿದುಕೊಂಡು, "ಇದನ್ನ ಯಾರು ತಗೊಂಡ್ರೂ ನಿಮ್ಮ ಹೆಸ್ರು ಹೇಳೇ ಕೊಡ್ತೀನಿ" ಎಂದಿದ್ದ.

ಆಡಿದ ಮಾತು ಗಾಳಿಗೆ ಹೋಯಿತು ನೋಡಿ. ಮಾರುವ ದಿನ ಬೆಳಿಗ್ಗೆ ಬಂದ ಭಾರ್ಗವನ ರಾಗವೇ ಬೇರೆಯಾಗಿತ್ತು.

"ಯಲ್ಲಯ್ಯನವ್ರೇ, ಎಲ್ಲಾ ಒರಿಜಿನಲ್ ಅಂತ ಜಾಹೀರಾತು ಹಾಕ್ಬಿಟ್ಟಿದೀನಿ. ಲೋಕಲ್ ಅಂದ್ರೆ ಮುಖ ತಿರುಗಿಸ್ತಾರೆ. ಇವತ್ತೊಂದಿನ ಏನೂ ಮಾತಾಡ್ಬೇಡಿ."

ಯಲ್ಲಯ್ಯ ಹೂಂ ಎಂದ. ಅನ್ನದೆ ಏನು ಮಾಡುತ್ತಾನೆ? ಗಾಡಿ ಅವನದಲ್ಲ.

ಹತ್ತು ಗಂಟೆಗೆ ಕೊಳ್ಳುವವರು ಬಂದರು. ಪದ್ಮಶ್ರೀ, ಜಯನಗರದಲ್ಲಿ ಹಲ್ಲಿನ ಡಾಕ್ಟರು, ಐವತ್ತರ ಆಸುಪಾಸು. ಶೆಡ್ಡಿನೊಳಗೆ ಕಾಲಿಟ್ಟವರೇ "ಅಯ್ಯೋ ದೇವ್ರೇ, ಎಷ್ಟು ಚೆನ್ನಾಗಿದೆ!" ಎಂದು ಬಾಯಿ ಬಿಟ್ಟರು. ಆಮೇಲೆ ಬಲಗಡೆಗೆ ಹೋಗಲಿಲ್ಲ; ನೇರವಾಗಿ ಎಡಗಡೆ ಬಾಗಿಲು ತೆಗೆದು ಕೂತರು. ಯಲ್ಲಯ್ಯನಿಗೆ ಆಕೆಯ ಮೇಲೆ ಅಲ್ಲೇ ಗೌರವ ಬಂತು.

ಇಳಿದು ಬಂದವರು ಬ್ಯಾಗಿನಿಂದ ಕರ್ಚೀಫಿನಲ್ಲಿ ಸುತ್ತಿದ ಅಯಸ್ಕಾಂತ ತೆಗೆದರು. ತಗ್ಗಿಗೆ ಪುಟ್ಟಿ ಬಳಿದು ಬಣ್ಣ ಹೊಡೆದಿದ್ದರೆ ಅಲ್ಲಿ ಅಯಸ್ಕಾಂತ ಅಂಟುವುದಿಲ್ಲ. ಇಂಚಿಂಚೂ ಇಟ್ಟು ನೋಡಿದರು. ಎಲ್ಲ ಕಡೆಯೂ ಟಪ್ ಎಂದು ಹಿಡಿಯಿತು.

"ದಿನಾ ಹಲ್ಲು ತುಂಬೋಳು ನಾನು. ತುಂಬಿದ್ದು ಯಾವ್ದು, ಹುಟ್ಟಿದ್ದು ಯಾವ್ದು ಅಂತ ಗೊತ್ತಾಗುತ್ತೆ" ಎಂದು ನಗುತ್ತ ಮಡ್ಗಾರ್ಡುಗಳನ್ನು ಸವರಿದರು. "ಬಲಗಡೇದು ಯಾರೋ ಕೈಯಾಡ್ಸಿದಾರೆ, ಇಲ್ಲಿ ಸ್ವಲ್ಪ ಅಲೆ ಇದೆ. ಎಡಗಡೇದು ನೋಡಿ, ಇದು ಅಪ್ಪಟ ಫ್ಯಾಕ್ಟರಿ ಕೆಲಸ. ನಮ್ಮಲ್ಲಿ ಇದನ್ನ ಮಾಡೋ ಕೈ ಎಲ್ಲಿದೆ?"

ಭಾರ್ಗವ ಗೋಣಾಡಿಸಿದ. ಯಲ್ಲಯ್ಯ ಹಲ್ಲು ಕಚ್ಚಿ ನಿಂತ. ಫ್ಯಾಕ್ಟರಿಯದು ಅಂದದ್ದಕ್ಕೆ ಎದೆ ಉಬ್ಬಿತು. ಮಾಡೋ ಕೈ ಎಲ್ಲಿದೆ ಅಂದದ್ದಕ್ಕೆ ಹೊಟ್ಟೆ ಉರಿಯಿತು. ಉರಿಯೇ ಗೆದ್ದಿತು.

"ಇಲ್ಲೇ ಐತೆ ಮೇಡಂ, ಆ ಕೈಯಿ!" ಎಂದುಬಿಟ್ಟ. "ಬಲಗಡೇದು ಅಮೆರಿಕದೋರ್ದು. ಎಡಗಡೇದು ನಂದು."

ಭಾರ್ಗವನ ಮುಖ ಬಿಳಿಚಿಕೊಂಡಿತು. ಪದ್ಮಶ್ರೀ ಮಾತ್ರ ನಂಬಲಿಲ್ಲ. "ಸುಮ್ನಿರಿ ಯಜಮಾನ್ರೇ, ತಮಾಷೆ ಮಾಡ್ತೀರಾ?"

"ಚಕ್ರದ ಮೇಲಿಂದ ಒಳಗಡೆ ಕೈ ಹಾಕಿ ನೋಡಿ. ಹೊರಗಡೆ ನುಣ್ಣಗೆ ಮಾಡ್ದೆ, ಒಳಗಡೆ ಹಾಗೇ ಬಿಟ್ಟೆ. ಸುತ್ತಿಗೆ ಏಟು ಸಿಗ್ತವೆ."

ಆಕೆ ಒಳ್ಳೆ ರೇಷ್ಮೆ ಕುರ್ತಾ ತೊಟ್ಟಿದ್ದರೂ ಲೆಕ್ಕಿಸದೆ ನೆಲಕ್ಕೆ ಮಂಡಿಯೂರಿ ಮೊಣಕೈವರೆಗೂ ಕೈ ತೂರಿಸಿದರು. ಬಲಗಡೆಯೂ ಹೋಗಿ ತಡವಿದರು. ಮತ್ತೆ ಎಡಗಡೆಗೆ ಬಂದು, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹುಡುಕಿದರು. ಎದ್ದಾಗ ಕೈ ಮಸಿಯಾಗಿತ್ತು, ಮುಖ ಗಂಭೀರವಾಗಿತ್ತು.

"ಎಲ್ಲಾ ಒರಿಜಿನಲ್ ಅಂತ ಬರ್ದಿದ್ರಲ್ಲ, ಭಾರ್ಗವ್?"

"ಸಾರಿ ಮೇಡಂ. ಹೇಳ್ಬೇಕಿತ್ತು. ಹೆದರ್ಕೊಂಡೆ."

ಕೆಟ್ಟೆನಪ್ಪಾ ಎಂದುಕೊಂಡ ಯಲ್ಲಯ್ಯ. ನನ್ನ ಹಾಳು ಬಾಯಿಂದ ಆ ಮನುಷ್ಯನ ನಾಲ್ಕು ವರ್ಷ ನೀರಿನಲ್ಲಿ ಹೋಮ. ತಪ್ಪಾಯ್ತು ಅನ್ನಲು ಬಾಯಿ ತೆರೆದ. ಆದರೆ ಹೇಳಿದ್ದು ನಿಜವೇ, ಅದನ್ನು ತಪ್ಪೆಂದರೆ ಸುಳ್ಳು ಹೇಳಿದಂತಾಗುತ್ತದಲ್ಲ ಎಂದು ತೆರೆದ ಬಾಯಿ ಮುಚ್ಚಿದ.

ಪದ್ಮಶ್ರೀ ಕೈ ಒರೆಸಿಕೊಳ್ಳದೆ ಇನ್ನೂ ಮಡ್ಗಾರ್ಡನ್ನೇ ನೋಡುತ್ತಿದ್ದರು. "ನಾನು ಮೋಸ ಹೋಗಿದ್ದು ನಿಮ್ಮ ಜಾಹೀರಾತಿಗಲ್ಲ, ಇವ್ರ ಕೆಲಸಕ್ಕೆ" ಎಂದರು ಭಾರ್ಗವನಿಗೆ. "ಕೀ ಕೊಡಿ. ಒಂದು ರೌಂಡ್ ಹೋಗ್ಬರೋಣ. ಸರಿಯಾಗಿ ಓಡಿದ್ರೆ ಗಾಡಿ ನಂದು. ಯಜಮಾನ್ರೇ, ನೀವೂ ಬನ್ನಿ, ಮುಂದೇನೇ ಕೂತ್ಕೊಳ್ಳಿ."

ಕನಕಪುರ ರಸ್ತೆಯಲ್ಲಿ ಹೋದ ಕಡೆಯೆಲ್ಲ ತಲೆಗಳು ತಿರುಗಿದವು. ಸಿಗ್ನಲ್ಲಿನಲ್ಲಿ ನಿಂತಾಗ ಒಬ್ಬ ಬೈಕಿನವನು ಹೆಲ್ಮೆಟ್ಟು ಸರಿಸಿ ಬಗ್ಗಿದ.

"ಸಖತ್ತಾಗಿದೆ ಮೇಡಂ! ಯಾವ್ ದೇಶದ್ದು?"

"ಬಲಗಡೆ ಅಮೆರಿಕ, ಎಡಗಡೆ ಕೋಣನಕುಂಟೆ!" ಎಂದರು ಪದ್ಮಶ್ರೀ.

ಬೈಕಿನವನಿಗೆ ಏನು ಅರ್ಥವಾಯಿತೋ, ಹೆಬ್ಬೆಟ್ಟು ಎತ್ತಿ ನಕ್ಕ. ಮೂವತ್ತೆಂಟು ವರ್ಷಕ್ಕೆ ಇಷ್ಟು ಸಿಕ್ಕಿತು, ಸಾಕು ಎಂದುಕೊಂಡ ಯಲ್ಲಯ್ಯ. ಸಿಗ್ನಲ್ಲು ಇನ್ನೂ ಕೆಂಪಾಗಿಯೇ ಇತ್ತು. ಸಾಕಾಗಲಿಲ್ಲ.

"ಹೆಸ್ರೂ ಹೇಳ್ಬಿಡಿ ಮೇಡಂ" ಎಂದ, ನಾಚಿಕೆ ಬಿಟ್ಟು. "ಯಲ್ಲಯ್ಯ ಅಂತ."